ಮಾರಿದ ಮಾತ್ರಕ್ಕೆ ಸತ್ತಿತೇ ವಿಡಂಬನೆ?

ಕೊಳ್ಳುಬಾಕ ಸಂಸ್ಕೃತಿಯನ್ನು ಗೇಲಿ ಮಾಡುವ ಆಲ್ಬಮ್ ಬಂದರೆ ಸಾಕು, ಮೊದಲ ಹಾಡು ಮುಗಿಯುವ ಮುಂಚೆಯೇ ತೀರ್ಪು ಸಿದ್ಧವಾಗಿರುತ್ತದೆ. ‘ಮಾರುಕಟ್ಟೆಯನ್ನು ಬಯ್ಯುವವರು ಮಾರುಕಟ್ಟೆಯಲ್ಲೇ ಅಂಗಡಿ ತೆರೆದಿದ್ದಾರಲ್ಲ! ಬ್ರಾಂಡುಗಳನ್ನು ಹಂಗಿಸುವವರು ತಮ್ಮದೇ ಹೆಸರಿನ ಟೀ ಶರ್ಟ್ ಮಾರುತ್ತಾರಲ್ಲ! ಇವರ ಸಿಟ್ಟೂ ಸರಕು, ನಗೆಯೂ ಸರಕು.’ ಎಡಪಂಥದ ವಿಮರ್ಶಕ ಇದನ್ನು ವಿಷಾದದಿಂದ ಹೇಳುತ್ತಾನೆ. ಜಾಹೀರಾತು ಕಂಪನಿಯವನು ಖುಷಿಯಿಂದ ಹೇಳುತ್ತಾನೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಕೇಳಲು ಬೆಂಗಳೂರಿನ ಅರಮನೆ ಮೈದಾನದ ದೂಳು ಕುಡಿದು ಬಂದ ಕಟ್ಟಾ ಮೆಟಲ್ ಅಭಿಮಾನಿಯೂ, ಯಂತ್ರದ ತಾಳ ಬೆರೆಸಿ ಲಕ್ಷಗಟ್ಟಲೆ ಮಾರುವವರು ಅಸಲಿ ಬಂಡಾಯಗಾರರೇನಲ್ಲ ಎಂದು ಅದೇ ಮಾತನ್ನು ತಿರಸ್ಕಾರದಿಂದ ಹೇಳುತ್ತಾನೆ. ಬೇರಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ಮೂವರು ಒಂದೇ ಮಾತಿಗೆ ತಲೆದೂಗುತ್ತಿದ್ದಾರೆ ಎಂದರೆ ಆ ಮಾತನ್ನು ಕೊಂಚ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು.

ಈ ತೀರ್ಪು ತಪ್ಪು ಎನ್ನುವುದು ನನ್ನ ವಾದ. ತಪ್ಪಷ್ಟೇ ಅಲ್ಲ, ಅದು ಮಾರುಕಟ್ಟೆಗೆ ಅತ್ಯಂತ ಪ್ರಿಯವಾದ ತಪ್ಪು. ಬೆಲೆಚೀಟಿ ಅಂಟಿದ ಮಾತ್ರಕ್ಕೆ ವಿಡಂಬನೆ ಸಾಯುವುದಿಲ್ಲ. ಕೊಂಡವನನ್ನು ಅದು ಹೊಗಳತೊಡಗಿದಾಗ ಸಾಯುತ್ತದೆ. ‘ಜಗತ್ತೆಲ್ಲ ಕುರಿಮಂದೆ, ಈ ಆಲ್ಬಮ್ ಕೊಂಡ ನೀನೊಬ್ಬನೇ ಜಾಣ’ ಎಂದು ಕೇಳುಗನ ಬೆನ್ನು ತಟ್ಟುವ ಹಾಡನ್ನು ಗುಡಿಸಲಿನಲ್ಲಿ ಮುದ್ರಿಸಿ ಪುಕ್ಕಟೆ ಹಂಚಿದರೂ ಅದು ಜಾಹೀರಾತೇ. ಕೇಳುಗನನ್ನೂ ಹಾಡಿದವನನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುವ ಹಾಡನ್ನು ಬಹುರಾಷ್ಟ್ರೀಯ ಕಂಪನಿ ಮಾರಿದರೂ ಅದು ವಿಡಂಬನೆಯೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಯಾರು ಮಾರಿದರು ಎಂಬುದಲ್ಲ, ಯಾರನ್ನು ಸುಮ್ಮನೆ ಬಿಟ್ಟರು ಎಂಬುದು.

ಇದನ್ನು ಗಾಳಿಯಲ್ಲಿ ವಾದಿಸುವುದು ಬೇಡ. ಜರ್ಮನಿಯ ರಾಮ್‌ಸ್ಟೈನ್ ತಂಡ 2004ರ ಸೆಪ್ಟೆಂಬರ್‌ನಲ್ಲಿ ಹೊರತಂದ ‘ರೈಜೆ, ರೈಜೆ’ ಆಲ್ಬಮನ್ನು ತೆಗೆದುಕೊಳ್ಳೋಣ. ಆಪಾದನೆಗೆ ಹೇಳಿ ಮಾಡಿಸಿದ ಆಲ್ಬಮ್ ಇದು. ಪ್ರಕಾಶಕರು ಯೂನಿವರ್ಸಲ್ ಎಂಬ ದೈತ್ಯ ಕಂಪನಿ. ಬಿಡುಗಡೆಯಾದದ್ದೇ ಜರ್ಮನಿಯ ಪಟ್ಟಿಯಲ್ಲಿ ಮೊದಲ ಸ್ಥಾನ. ನಿರ್ಮಾಪಕ ಸ್ವೀಡನ್ನಿನ ಯಾಕೊಬ್ ಹೆಲ್ನರ್, ಅವನ ಕೈಯಲ್ಲಿ ಗಿಟಾರ್ ಕೂಡ ಕಾರ್ಖಾನೆಯಿಂದ ಈಗಷ್ಟೇ ಹೊರಬಿದ್ದ ಬಿಡಿಭಾಗದಂತೆ ಹೊಳೆಯುತ್ತದೆ. ವೇದಿಕೆಯ ಮೇಲೆ ಬೆಂಕಿ, ಪಟಾಕಿ, ಕ್ರೀಡಾಂಗಣ ತುಂಬುವ ಜನ. ಬಡತನದ, ಭೂಗತದ, ‘ಪರಿಶುದ್ಧ’ ಕಲೆಯ ಒಂದು ಕುರುಹೂ ಇಲ್ಲಿಲ್ಲ.

ಆದರೆ ಈ ಆರು ಜನ ಎಲ್ಲಿಂದ ಬಂದರು ಎಂಬುದನ್ನು ನೆನೆಯಬೇಕು. ತಂಡ ಕೂಡಿದ್ದು 1994ರಲ್ಲಿ, ಬರ್ಲಿನ್ನಿನಲ್ಲಿ. ಆರೂ ಮಂದಿ ಬೆಳೆದದ್ದು ಗೋಡೆಯ ಆಚೆ, ಪೂರ್ವ ಜರ್ಮನಿಯಲ್ಲಿ. ಗಾಯಕ ಟಿಲ್ ಲಿಂಡೆಮಾನ್ ಈಜುಗಾರನಾಗಿ ತಯಾರಾದವನು, ಬುಟ್ಟಿ ಹೆಣೆದು ಬದುಕಿದವನು. ತಂಡದ ಮೂವರು ಅಲ್ಲಿನ ‘ಫೀಲಿಂಗ್ ಬಿ’ ಎಂಬ ಪಂಕ್ ತಂಡದಲ್ಲಿದ್ದವರು. ತಂಡದ ಹೆಸರು ಪಶ್ಚಿಮ ಜರ್ಮನಿಯಲ್ಲಿದ್ದ ಅಮೆರಿಕದ ವಾಯುನೆಲೆಯೊಂದರದು. 1988ರ ವೈಮಾನಿಕ ಪ್ರದರ್ಶನದಲ್ಲಿ ವಿಮಾನಗಳು ಡಿಕ್ಕಿಯಾಗಿ 70 ಜನ ಸತ್ತದ್ದು ಅಲ್ಲಿ. ಅಂದರೆ ಈ ತಂಡದ ಹೆಸರಿನಲ್ಲೇ ಅಮೆರಿಕ ಇದೆ, ಪ್ರದರ್ಶನ ಇದೆ, ಸುಟ್ಟ ವಾಸನೆ ಇದೆ.

ಪೂರ್ವ ಜರ್ಮನಿಯಲ್ಲಿ ಕೋಕಾ ಕೋಲಾ ಇರಲಿಲ್ಲ, ‘ವೀಟಾ ಕೋಲಾ’ ಇತ್ತು. ಪಶ್ಚಿಮದ ಸರಕು ಬೇಕೆಂದರೆ ‘ಇಂಟರ್‌ಶಾಪ್’ ಎಂಬ ಸರ್ಕಾರಿ ಅಂಗಡಿಗೆ ಹೋಗಬೇಕು, ಅದೂ ಪಶ್ಚಿಮದ ಹಣ ಕೈಯಲ್ಲಿದ್ದರೆ. ಬಂಡವಾಳಶಾಹಿಯನ್ನು ಹಗಲೆಲ್ಲ ಬಯ್ಯುವ ಸರ್ಕಾರ ಅದರ ಸಾಬೂನು, ಕಾಫಿ, ಚಾಕೊಲೇಟುಗಳನ್ನು ಅದರ ದುಡ್ಡಿಗೇ ಮಾರುತ್ತಿತ್ತು. ಬಯಕೆಗೆ ಗೋಡೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಈ ಆರು ಜನ ಪುಸ್ತಕದಲ್ಲಿ ಓದಿ ತಿಳಿದವರಲ್ಲ.

ನಮಗೂ ಇದು ತೀರಾ ಅಪರಿಚಿತ ಕಥೆಯೇನಲ್ಲ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಜನತಾ ಸರ್ಕಾರದ ಕೈಗಾರಿಕಾ ಸಚಿವರಾಗಿದ್ದಾಗ, ವಿದೇಶಿ ವಿನಿಮಯ ಕಾಯಿದೆಯ ಷರತ್ತಿಗೆ ಒಪ್ಪದ ಕೋಕಾ ಕೋಲಾ 1977ರಲ್ಲಿ ಭಾರತ ಬಿಟ್ಟಿತು. ಅದರ ಜಾಗಕ್ಕೆ ಸರ್ಕಾರವೇ ‘ಡಬಲ್ ಸೆವೆನ್’ ಎಂಬ ಪಾನೀಯ ತಂದಿತು. ಅದು ನಿಲ್ಲಲಿಲ್ಲ. 1993ರಲ್ಲಿ ಕೋಕಾ ಕೋಲಾ ಮರಳಿ ಬಂದಾಗ ಹದಿನಾರು ವರ್ಷದ ಗೈರುಹಾಜರಿ ಅದರ ಆಕರ್ಷಣೆಯನ್ನು ಕುಗ್ಗಿಸಿರಲಿಲ್ಲ. ಫರ್ನಾಂಡಿಸರ ನಿಲುವು ದಿಟ್ಟವಾಗಿತ್ತು, ಅದನ್ನು ಹಗುರವಾಗಿ ಕಾಣುವ ಕಾರಣವಿಲ್ಲ. ಆದರೆ ಬಾಟಲಿಯನ್ನು ಗಡಿಯಾಚೆ ಕಳಿಸಬಹುದು, ಬಾಯಾರಿಕೆಯನ್ನು ಕಳಿಸಲಾಗದು. ಆಜ್ಞೆ ಮುಟ್ಟಲಾಗದ ಆ ಜಾಗಕ್ಕೆ ಕೈಹಾಕುವುದೇ ವಿಡಂಬನೆಯ ಕೆಲಸ. ಒಳಗೆ ಹೋಗದೆ ಆ ಕೆಲಸ ಆಗುವುದಿಲ್ಲ.

‘ರೈಜೆ, ರೈಜೆ’ಯ ಮುಖಪುಟದಲ್ಲಿ ವಿಮಾನದ ಕಪ್ಪುಪೆಟ್ಟಿಗೆ ಇದೆ. ಬಿದ್ದ ವಿಮಾನದಲ್ಲಿ ಉಳಿದುಕೊಳ್ಳುವ ಸಾಕ್ಷಿ ಅದು. ಒಳಗಿರುವ ಹನ್ನೊಂದು ಹಾಡುಗಳಲ್ಲಿ ಎಲ್ಲವೂ ಮಾರುಕಟ್ಟೆಯ ಕುರಿತಲ್ಲ. ಪ್ರೇಮ, ವಿರಹ, ಗೋಡೆಯೊಳಗೆ ಹುಗಿಯುವ ಕೇಡು ಎಲ್ಲವೂ ಇವೆ. ಆದರೆ ಅದರ ಬೆನ್ನುಮೂಳೆಯಂತಿರುವ ನಾಲ್ಕು ಹಾಡುಗಳನ್ನು ಒಟ್ಟಿಗೆ ಕೇಳಿದರೆ ಭೋಗದ ಒಂದು ಪೂರ್ತಿ ಚಕ್ರ ಕಾಣುತ್ತದೆ.

ಮೊದಲನೆಯದು ‘ಮೈನ್ ಟೈಲ್’. ಜರ್ಮನಿಯ ರೋಟೆನ್‌ಬುರ್ಗ್ ಎಂಬಲ್ಲಿ ಒಬ್ಬಾತ, ತನ್ನಿಂದ ಕೊಲ್ಲಿಸಿಕೊಂಡು ತಿನ್ನಿಸಿಕೊಳ್ಳಲು ಸಿದ್ಧನಿರುವ ಮನುಷ್ಯ ಬೇಕೆಂದು ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿದ. ಒಬ್ಬ ಒಪ್ಪಿ ಬಂದ. 2001ರಲ್ಲಿ ಅದು ನಡೆದೂ ಹೋಯಿತು. ಇಬ್ಬರ ಸಮ್ಮತಿಯೂ ಇದ್ದ ಈ ಕೃತ್ಯವನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಜರ್ಮನಿಯ ನ್ಯಾಯಾಲಯಗಳನ್ನು ಕಾಡಿತು. ಮೊದಲು ಎಂಟೂವರೆ ವರ್ಷದ ಶಿಕ್ಷೆ, ಮರುವಿಚಾರಣೆಯಲ್ಲಿ ಜೀವಾವಧಿ. ಪತ್ರಿಕೆಗಳು ಇದನ್ನು ವಿಕೃತಿಯ ಕಥೆಯಾಗಿ ಮಾರಿಕೊಂಡವು. ರಾಮ್‌ಸ್ಟೈನ್ ಅದನ್ನು ವ್ಯವಹಾರದ ಕಥೆಯಾಗಿ ಕೇಳಿಸಿಕೊಂಡಿತು. ಹಾಡು ತೆರೆಯುವುದೇ ಆ ಜಾಹೀರಾತನ್ನು ಓದುವ ತಣ್ಣನೆಯ ದನಿಯಿಂದ. ಬೇಡಿಕೆ ಇದೆ, ಪೂರೈಕೆ ಇದೆ, ಎರಡೂ ಕಡೆಯ ಒಪ್ಪಿಗೆ ಇದೆ. ಇನ್ನೇನು ಬೇಕು? ಮುಕ್ತ ಮಾರುಕಟ್ಟೆಯ ನೀತಿಶಾಸ್ತ್ರ ಕೇಳುವುದು ಇಷ್ಟನ್ನೇ ತಾನೇ? ವೇದಿಕೆಯ ಮೇಲೆ ಲಿಂಡೆಮಾನ್ ಅಡುಗೆಯವನ ವೇಷದಲ್ಲಿ ಬಂದು, ಕೀಬೋರ್ಡ್ ನುಡಿಸುವ ಫ್ಲಾಕೆಯನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕೂರಿಸಿ ಬೆಂಕಿ ಉಗುಳುವ ಯಂತ್ರದಿಂದ ‘ಬೇಯಿಸುತ್ತಾನೆ’. ಜನ ನಗುತ್ತಾರೆ, ಹಣ ಕೊಟ್ಟು ನೋಡುತ್ತಾರೆ. ಮನುಷ್ಯ ಮನುಷ್ಯನನ್ನು ತಿನ್ನುವುದನ್ನು ಟಿಕೆಟ್ ಕೊಂಡು ನೋಡಲು ಬಂದವರು ತಾವು ಎಂಬ ಅರಿವು ಆ ನಗೆಯೊಳಗೇ ಚುಚ್ಚುತ್ತದೆ.

ಎರಡನೆಯದು ‘ಕೈನೆ ಲುಸ್ಟ್’. ಏನೂ ಬೇಡ ಎನ್ನುವವನ ಹಾಡು. ಆಸೆ ಬತ್ತಿಹೋದವನು ತನಗೆ ಬೇಡವಾದುದರ ಪಟ್ಟಿ ಕೊಡುತ್ತಾ ಹೋಗುತ್ತಾನೆ. ಇದು ವೈರಾಗ್ಯವಲ್ಲ, ಅಜೀರ್ಣ. ಹಾಡಿನ ವೀಡಿಯೊದಲ್ಲಿ ತಂಡದ ಬಹುತೇಕರು ಮೈತುಂಬ ಕೃತಕ ಕೊಬ್ಬು ತುಂಬಿಕೊಂಡು, ಒಂದು ಕಾಲದ ತಾರೆಗಳು ಮುಪ್ಪಿನಲ್ಲಿ ಮತ್ತೆ ಒಂದುಗೂಡಿದಂತೆ ಬರುತ್ತಾರೆ. ನಡೆಯುವುದೂ ಕಷ್ಟ, ನುಡಿಸುವುದೂ ಕಷ್ಟ. ಬಂಡಾಯದ ವ್ಯಾಪಾರದಿಂದ ಕೊಬ್ಬಿದವರು ಎಂದು ಟೀಕಾಕಾರ ನಾಳೆ ಬರೆಯಲಿರುವುದನ್ನು ಅವರು ಇಂದೇ ತಮ್ಮ ಮೈಮೇಲೆ ಕಟ್ಟಿಕೊಂಡು ಕುಣಿದಿದ್ದಾರೆ. ಇಂಥವರ ಬೂಟಾಟಿಕೆಯನ್ನು ಬಯಲು ಮಾಡಿದೆ ಎಂದು ಬೀಗುವ ವಿಮರ್ಶಕ ನಿಜಕ್ಕೂ ಏನನ್ನು ಬಯಲು ಮಾಡಿದ?

ಮೂರನೆಯದು ‘ಆಮೇರಿಕಾ’, ನಾಲ್ಕನೆಯದು ಅದರ ಬೆನ್ನಿಗೇ ಬರುವ ‘ಮೊಸ್ಕೌ’. ‘ಆಮೇರಿಕಾ’ದಲ್ಲಿ ಬ್ರಾಂಡುಗಳ ಮೆರವಣಿಗೆಯೇ ಇದೆ. ಕೋಕಾ ಕೋಲಾ, ವಂಡರ್‌ಬ್ರಾ, ಆಫ್ರಿಕಕ್ಕೆ ಹೊರಟ ಸಾಂಟಾ ಕ್ಲಾಸ್, ಪ್ಯಾರಿಸ್ಸಿನ ಬಾಗಿಲಿಗೆ ಬಂದು ನಿಂತ ಮಿಕ್ಕಿ ಮೌಸ್. ಪ್ಯಾರಿಸ್ಸಿನ ಬಳಿ ಡಿಸ್ನಿಯ ಮನರಂಜನಾ ನಗರಿ ತೆರೆದದ್ದು 1992ರಲ್ಲಿ, ಅದು ಫ್ರೆಂಚ್ ಬುದ್ಧಿಜೀವಿಗಳನ್ನು ಕೆರಳಿಸಿತ್ತು. ಆದರೆ ರಾಮ್‌ಸ್ಟೈನ್ ಆ ಬುದ್ಧಿಜೀವಿಗಳಂತೆ ಮೂಗು ಮುರಿಯುವುದಿಲ್ಲ. ಪಲ್ಲವಿಯಲ್ಲಿ ಬರುವುದು ‘ಅವರು’ ಅಲ್ಲ, ‘ನಾವು’. ಆ ‘ನಾವು’ ಬರುವುದು ಜರ್ಮನ್ನಿನಲ್ಲಲ್ಲ, ಇಂಗ್ಲಿಷಿನಲ್ಲಿ. ಇದನ್ನು ಒಲವಿನ ಹಾಡೆಂದು ತಿಳಿಯಬೇಡಿ ಎಂದು ನಡುವೆ ಎಚ್ಚರಿಸುವಾಗಲೂ ಗಾಯಕ ಎಚ್ಚರಿಸುವುದು ಆ ಸಾಮ್ರಾಜ್ಯದ ನುಡಿಯಲ್ಲೇ. ತಪ್ಪಿಸಿಕೊಳ್ಳಲು ಹೊರಟವನ ಬಾಯಲ್ಲೂ ಅದೇ ಭಾಷೆ. ಇದಕ್ಕಿಂತ ನಿಷ್ಠುರವಾದ ಆತ್ಮಸಾಕ್ಷ್ಯ ಯಾವುದಿದೆ?

ವೀಡಿಯೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬೌದ್ಧ ಭಿಕ್ಷುಗಳು ಹ್ಯಾಂಬರ್ಗರ್ ತಿನ್ನುತ್ತಾರೆ, ನಮಾಜಿಗೆ ಹೊರಟವನ ಕಾಲಿನಿಂದ ಕಳಚುವುದು ನೈಕಿ ಶೂ. ತಂಡದವರು ಗಗನಯಾನಿಗಳ ಉಡುಪಿನಲ್ಲಿ ಚಂದ್ರನ ಮೇಲೆ ನಿಂತು ಹಾಡುತ್ತಾರೆ. ಕೊನೆಗೆ ಕ್ಯಾಮೆರಾ ಹಿಂದೆ ಸರಿದರೆ ಅದು ಚಂದ್ರನೂ ಅಲ್ಲ, ಸ್ಟುಡಿಯೊ. ದೀಪಗಳು, ಕೆಲಸಗಾರರು, ಸೆಟ್ಟು. ಇಷ್ಟು ಹೊತ್ತು ಅಮೆರಿಕದ ಥಳುಕನ್ನು ಆಡಿಕೊಳ್ಳುತ್ತಿದ್ದ ವೀಡಿಯೊ ತಾನೂ ಥಳುಕೇ ಎಂದು ತೋರಿಸಿ ಮುಗಿಯುತ್ತದೆ. ಅದಾದ ಮೇಲೆ ಬರುವ ‘ಮೊಸ್ಕೌ’ ಎದುರು ಪಾಳಯದ ಸ್ಥಿತಿ ಹೇಳುತ್ತದೆ. ಒಂದು ಕಾಲಕ್ಕೆ ಸಮಾಜವಾದದ ರಾಜಧಾನಿಯಾಗಿದ್ದ ನಗರ ಅಲ್ಲಿ ವಯಸ್ಸು ಮೀರಿದ, ಹಣಕ್ಕೆ ಸಿಗುವ, ಆದರೂ ಮೋಹಿಸದೆ ಇರಲಾಗದ ಹೆಣ್ಣಾಗಿದೆ. ರಷ್ಯನ್ ನುಡಿಯಲ್ಲಿ ಹೆಣ್ಣುದನಿಯೊಂದು ಲವಲವಿಕೆಯಿಂದ ಜೊತೆಗೂಡುತ್ತದೆ. ಒಂದು ಹಾಡಿನಲ್ಲಿ ಜಗತ್ತನ್ನು ಕೊಳ್ಳುವವನು, ಮರು ಹಾಡಿನಲ್ಲಿ ತನ್ನನ್ನೇ ಮಾರಿಕೊಂಡವಳು. ಇವೆರಡರ ನಡುವೆ ಕೇಳುಗ ಓಡಿ ನಿಲ್ಲಬಹುದಾದ ಪವಿತ್ರ ನೆಲ ಎಲ್ಲೂ ಇಲ್ಲ.

ಈಗ ಬೂಟಾಟಿಕೆಯ ಆಪಾದನೆಗೆ ಬರೋಣ. ‘ನೀನೇ ಮಾರುತ್ತಿರುವಾಗ ಮಾರಾಟವನ್ನು ಹೇಗೆ ಟೀಕಿಸುತ್ತೀ?’ ಎಂಬ ಪ್ರಶ್ನೆಗೆ ಬುಡವೇ ಇಲ್ಲ. ಇದನ್ನು ಒಪ್ಪಿದರೆ ಟೀಕೆಯ ಹಕ್ಕು ಉಳಿಯುವುದು ಹಿಮಾಲಯದ ಗುಹೆಯಲ್ಲಿರುವವನಿಗೆ ಮಾತ್ರ. ಅವನ ಟೀಕೆ ಯಾರಿಗೂ ಕೇಳಿಸುವುದಿಲ್ಲ, ಮಾರುಕಟ್ಟೆಗೆ ಬೇಕಾದದ್ದೂ ಅದೇ. ಮಾತಿನ ಸತ್ಯವನ್ನು ಬಿಟ್ಟು ಮಾತಾಡಿದವನ ಮಡಿಯನ್ನು ಪರೀಕ್ಷಿಸುವ ಈ ಚಾಳಿ ಸ್ವತಃ ಒಂದು ಗಿರಾಕಿ ಬುದ್ಧಿ. ಹಾಲು ಅಸಲಿಯೋ ನಕಲಿಯೋ ಎಂದು ನೋಡುವಂತೆ ಗಾಯಕ ಅಸಲಿಯೋ ನಕಲಿಯೋ ಎಂದು ನೋಡುವುದು. ಹಾಡು ಏನನ್ನು ಕಂಡಿದೆ ಎಂಬ ಪ್ರಶ್ನೆಯೇ ಏಳದಂತೆ ಮಾಡುವುದು.

ಕನ್ನಡದ ಪರಂಪರೆ ಇಷ್ಟು ಮುಗ್ಧವಾಗಿರಲಿಲ್ಲ. ಐತಿಹ್ಯದ ಪ್ರಕಾರ ಪುರಂದರದಾಸರು ಮೊದಲು ನವಕೋಟಿ ನಾರಾಯಣನೆನಿಸಿದ ಜಿಪುಣ ವರ್ತಕ. ಎಲ್ಲ ಬಿಟ್ಟು ಹೊರಟ ಮೇಲೂ ಅವರು ಅಂಗಡಿಯ ಭಾಷೆಯನ್ನು ಬಿಡಲಿಲ್ಲ. ಹರಿನಾಮವನ್ನು ಕಲ್ಲುಸಕ್ಕರೆಯೆಂದು ಬೀದಿಯಲ್ಲಿ ಕೂಗಿ ಮಾರುವವನ ದನಿಯಲ್ಲಿ ಕೀರ್ತನೆ ಕಟ್ಟಿದರು. ಸಂತೆಯ ಕೂಗನ್ನೇ ಎತ್ತಿಕೊಂಡು ಸಂತೆಗೆ ಕನ್ನಡಿ ಹಿಡಿದರು. ವ್ಯಾಪಾರವನ್ನು ಹೀಗಳೆಯಲು ವ್ಯಾಪಾರಿಯ ದನಿ ಏಕೆ ಎಂದು ಅವರನ್ನು ಯಾರೂ ಕೇಳಲಿಲ್ಲ. ಆ ದನಿ ಗೊತ್ತಿದ್ದವನಿಗೆ ಮಾತ್ರ ಆ ಕೀರ್ತನೆ ಸಾಧ್ಯ ಎಂಬುದು ಕೇಳುಗರಿಗೆ ಗೊತ್ತಿತ್ತು.

ಪಿ. ಲಂಕೇಶರು 1980ರಲ್ಲಿ ಪತ್ರಿಕೆ ಶುರುಮಾಡಿದಾಗ ಜಾಹೀರಾತು ತೆಗೆದುಕೊಳ್ಳುವುದಿಲ್ಲ ಎಂದು ನಿಶ್ಚಯಿಸಿದರು. ನಮ್ಮಲ್ಲಿ ಪರಿಶುದ್ಧತೆಯ ಪರವಾಗಿ ಮಾತಾಡುವವರು ಈ ಉದಾಹರಣೆ ಕೊಡುವುದುಂಟು. ಕೊಡಲಿ, ಅದು ಹೆಮ್ಮೆಯ ಉದಾಹರಣೆಯೇ. ಆದರೆ ಲಂಕೇಶರು ಜಾಹೀರಾತು ಬಿಟ್ಟರೇ ಹೊರತು ಮಾರಾಟ ಬಿಡಲಿಲ್ಲ. ಪತ್ರಿಕೆ ನಿಂತದ್ದೇ ಕೊಂಡು ಓದಿದವರ ಕಾಸಿನ ಮೇಲೆ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ನೇತಾಡುತ್ತಾ ಅದು ಪೈಪೋಟಿ ಮಾಡಿತು, ಗೆದ್ದಿತು. ಅದರ ವಿಡಂಬನೆಗೆ ಕಸುವು ಬಂದದ್ದು ಕೊಂಡ ಓದುಗನ ಜಾತಿ, ವರ್ಗ, ಸಣ್ಣತನಗಳನ್ನೂ ಅದು ಬಿಡುತ್ತಿರಲಿಲ್ಲವಾದ್ದರಿಂದ. ಓದುಗನಿಗೆ ಮುಖಸ್ತುತಿ ಮಾಡುತ್ತಾ, ಜಾಹೀರಾತೂ ಇಲ್ಲದೆ ಬಂದುಹೋದ ಎಷ್ಟೋ ಪತ್ರಿಕೆಗಳನ್ನು ಇಂದು ಯಾರು ನೆನೆಯುತ್ತಾರೆ?

ರಾಮ್‌ಸ್ಟೈನ್ ಬೇರೂರಿರುವ, ಯಂತ್ರದ ತಾಳದ ಇಂಡಸ್ಟ್ರಿಯಲ್ ಸಂಗೀತದ ಹುಟ್ಟನ್ನು ನೋಡಿದರೂ ‘ಒಂದಾನೊಂದು ಕಾಲದಲ್ಲಿ ಶುದ್ಧವಾಗಿತ್ತು, ಆಮೇಲೆ ಮಾರಾಟವಾಯಿತು’ ಎಂಬ ಕಥೆ ನಿಲ್ಲುವುದಿಲ್ಲ. 1976ರಲ್ಲಿ ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ ತನ್ನ ಸಂಗೀತ ಕಂಪನಿಗೆ ಇಟ್ಟ ಹೆಸರೇ ಇಂಡಸ್ಟ್ರಿಯಲ್ ರೆಕಾರ್ಡ್ಸ್. ಮರುವರ್ಷ ಬಂದ ಅವರ ಆಲ್ಬಮ್ಮಿಗೆ ಕಂಪನಿಗಳು ಷೇರುದಾರರಿಗೆ ಒಪ್ಪಿಸುವ ವಾರ್ಷಿಕ ವರದಿಯ ಶೀರ್ಷಿಕೆ. 1979ರ ‘ಟ್ವೆಂಟಿ ಜ್ಯಾಜ್ ಫಂಕ್ ಗ್ರೇಟ್ಸ್’ನಲ್ಲಿ ಇಪ್ಪತ್ತು ಹಾಡೂ ಇಲ್ಲ, ಜ್ಯಾಜ್ ಫಂಕ್ ಹಿಟ್‌ಗಳೂ ಇಲ್ಲ. ಹೊದಿಕೆಯ ಮೇಲೆ ನಾಲ್ವರು ಒಪ್ಪವಾಗಿ ಬಟ್ಟೆ ತೊಟ್ಟು ಹೂವುಗಳ ನಡುವೆ ನಗುತ್ತಾ ನಿಂತಿದ್ದಾರೆ. ಅವರು ನಿಂತ ಜಾಗ ಬೀಚಿ ಹೆಡ್, ಇಂಗ್ಲೆಂಡಿನಲ್ಲಿ ಆತ್ಮಹತ್ಯೆಗಳಿಗೆ ಕುಖ್ಯಾತವಾದ ಕಡಲಂಚಿನ ಕಡಿದಾದ ಬಂಡೆ. ಅಗ್ಗದ ರೆಕಾರ್ಡುಗಳ ರಾಶಿಯಿಂದ ಯಾರಾದರೂ ತಪ್ಪಿ ಕೊಂಡು ಮನೆಗೆ ಒಯ್ಯಲಿ ಎಂಬುದೇ ಹೂಟ. ಇಲ್ಲಿ ಮಾರಾಟ ಕಲೆಗೆ ಆಮೇಲೆ ತಗುಲಿದ ಮೈಲಿಗೆಯಲ್ಲ. ಮಾರಾಟವೇ ಕಲೆಯ ಕಚ್ಚಾವಸ್ತು. ಮುಂದೆ ಈ ಯಂತ್ರದ ತಾಳಕ್ಕೆ ಮೆಟಲ್ಲಿನ ಗಿಟಾರ್ ಕೂಡಿ ಇಂಡಸ್ಟ್ರಿಯಲ್ ಮೆಟಲ್ ಆದಾಗ ಬದಲಾದದ್ದು ಮಾರಾಟದ ಗಾತ್ರ, ಮೂಲ ತಂತ್ರವಲ್ಲ.

ಎದುರು ಪಕ್ಷದಲ್ಲಿ ಇದಕ್ಕಿಂತ ಗಟ್ಟಿ ವಾದಿಗಳೂ ಇದ್ದಾರೆ. ಅವರನ್ನು ಬಿಟ್ಟು ಬರಿಯ ಹರಟೆಮಲ್ಲರನ್ನು ಬೀಳಿಸಿದರೆ ಅದು ಗೆಲುವಲ್ಲ. ‘ರೈಜೆ, ರೈಜೆ’ ಬಂದ 2004ರಲ್ಲೇ ಕೆನಡಾದ ಜೋಸೆಫ್ ಹೀತ್ ಮತ್ತು ಆಂಡ್ರೂ ಪಾಟರ್ ‘ದಿ ರೆಬೆಲ್ ಸೆಲ್’ ಎಂಬ ಪುಸ್ತಕ ಬರೆದರು. ಜಾಹೀರಾತು ವಿರೋಧಿ ಪತ್ರಿಕೆ ‘ಆಡ್‌ಬಸ್ಟರ್ಸ್’ ತನ್ನದೇ ಶೂ ಮಾರಲು ಹೊರಟದ್ದು ಅವರಿಗೆ ಸಿಕ್ಕ ರಸಗವಳ. ಅವರ ವಾದ ಹೀಗಿದೆ: ಜನ ಕೊಳ್ಳುವುದು ಎಲ್ಲರಂತೆ ಕಾಣಲು ಅಲ್ಲ, ಎಲ್ಲರಿಗಿಂತ ಬೇರೆ ಕಾಣಲು. ಬಂಡಾಯ ಎನ್ನುವುದು ಆ ‘ಬೇರೆತನ’ದ ಅತಿ ದುಬಾರಿ ಮಾದರಿ. ಆದ್ದರಿಂದ ಬಂಡಾಯಗಾರ ಮಾರುಕಟ್ಟೆಯ ಶತ್ರುವಲ್ಲ, ಅದರ ಎಂಜಿನ್ನು.

ಈ ವಾದದ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಇಂಡಸ್ಟ್ರಿಯಲ್ ಮೆಟಲ್ಲಿನಲ್ಲಿ ಬೇರೆತನ ಮಾರುವ ಸರಕು ರಾಶಿ ರಾಶಿ ಬಿದ್ದಿದೆ. ಅಮೆರಿಕದ ಮಿನಿಸ್ಟ್ರಿ ತಂಡದ 1992ರ ‘ಸಾಮ್ 69’ ಆಲ್ಬಮ್ಮನ್ನೇ ನೋಡಿ. ಅದರ ಆರಂಭದ ಹಾಡಿನಲ್ಲಿ ಆಗಿನ ಅಧ್ಯಕ್ಷ ಬುಷ್ ಭಾಷಣದ ತುಣುಕುಗಳನ್ನು ಯಂತ್ರದ ತಾಳಕ್ಕೆ ಪೋಣಿಸಿದ್ದಾರೆ. ಅದ್ಭುತ ಸದ್ದು, ನಿಜ. ಆದರೆ ತಪ್ಪೆಲ್ಲ ಅಧ್ಯಕ್ಷನದು, ಕೇಳುಗ ಬೇಲಿಯ ಸರಿಯಾದ ಬದಿಯಲ್ಲಿ ಹಾಯಾಗಿ ನಿಂತಿರುತ್ತಾನೆ. ಹೀತ್ ಮತ್ತು ಪಾಟರ್ ಗುರಿಯಿಟ್ಟದ್ದು ಇಂಥದಕ್ಕಾದರೆ ಅವರ ಬಾಣ ತಾಗುತ್ತದೆ. ಅದೇ ಆಲ್ಬಮ್ಮಿನಲ್ಲಿ ಏಸು ಕಟ್ಟಿಕೊಟ್ಟ ಕಾರಿನ ಹುಚ್ಚು ಹಾಡೊಂದಿದೆ. ಅಲ್ಲಿ ಗಾಯಕ ಗಿಬ್ಬಿ ಹೇನ್ಸ್ ಅರ್ಥವಿಲ್ಲದ ತೊದಲಿನಲ್ಲಿ ಅಮೆರಿಕದ ಕಾರುಮೋಹವನ್ನೂ ಭಕ್ತಿಯನ್ನೂ ಒಂದೇ ವೇಗಕ್ಕೆ ಕಟ್ಟುತ್ತಾನೆ. ಆ ವೇಗ ಎಷ್ಟು ರುಚಿಯಾಗಿದೆಯೆಂದರೆ ಕೇಳುಗ ತಾನೂ ಸ್ಟಿಯರಿಂಗ್ ಹಿಡಿದಿರುತ್ತಾನೆ. ಒಂದೇ ತಂಡ, ಒಂದೇ ಕಂಪನಿ, ಒಂದೇ ಬೆಲೆ. ಒಂದು ಹಾಡು ಕೇಳುಗನನ್ನು ಬಿಟ್ಟುಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ಮಾರಾಟದ ಲೆಕ್ಕದಿಂದ ಈ ವ್ಯತ್ಯಾಸವನ್ನು ಯಾರಾದರೂ ವಿವರಿಸಿ ತೋರಿಸಲಿ.

ಹೀತ್ ಮತ್ತು ಪಾಟರ್ ಎಡವಿದ್ದು ಇಲ್ಲೇ. ಬೇರೆತನವನ್ನು ಮಾರುವ ಸರಕು, ಬೇರೆತನವನ್ನು ಕಿತ್ತುಕೊಳ್ಳುವ ಸರಕು ಎರಡನ್ನೂ ಅವರ ತರ್ಕ ಒಂದೇ ಚೀಲಕ್ಕೆ ತುಂಬುತ್ತದೆ. ‘ಆಮೇರಿಕಾ’ ಕೊಂಡವನಿಗೆ ಸಿಗುವುದು ‘ನೀನು ಬೇರೆ’ ಎಂಬ ಬಿಲ್ಲೆಯಲ್ಲ. ನೀನೂ ಅಲ್ಲೇ ಇದ್ದೀ, ನಿನ್ನ ಪ್ರಾರ್ಥನೆಯ ಪಕ್ಕದಲ್ಲೂ ಆ ಶೂ ಇದೆ ಎಂಬ ಸಮನ್ಸು. ಇದನ್ನು ಎದೆಯ ಮೇಲೆ ಧರಿಸಿ ಮೆರೆಯುವುದು ಅಷ್ಟು ಸುಲಭವಲ್ಲ.

ಇಂಗ್ಲೆಂಡಿನ ಮಾರ್ಕ್ ಫಿಶರ್ 2009ರ ‘ಕ್ಯಾಪಿಟಲಿಸ್ಟ್ ರಿಯಲಿಸಂ’ನಲ್ಲಿ ಇನ್ನೂ ಸೂಕ್ಷ್ಮವಾದ ಮಾತು ಹೇಳಿದರು. ಡಿಸ್ನಿ ಹಂಚಿದ ‘ವಾಲ್-ಇ’ ಚಿತ್ರದಲ್ಲಿ ಕೊಳ್ಳುಬಾಕತನದಿಂದ ಭೂಮಿ ಕಸದ ಗುಡ್ಡೆಯಾಗಿದೆ. ಆ ಚಿತ್ರ ನಮ್ಮ ಬದಲು ತಾನೇ ಬಂಡವಾಳಶಾಹಿಯನ್ನು ವಿರೋಧಿಸಿಬಿಡುತ್ತದೆ, ನಾವು ನಿಶ್ಚಿಂತೆಯಿಂದ ಕೊಳ್ಳುತ್ತಾ ಹೋಗಬಹುದು ಎಂದರು ಅವರು. ಹರಕೆ ಹೊತ್ತವನ ಬದಲು ಕೂಲಿಯವನು ಉರುಳುಸೇವೆ ಮಾಡಿದಂತೆ. ಮಾತು ನಿಜ, ಆ ಚಿತ್ರದ ಮಟ್ಟಿಗೆ. ಆದರೆ ಈ ಬದಲಿ ವ್ಯವಸ್ಥೆ ನಡೆಯಬೇಕಾದರೆ ಕೊನೆಯಲ್ಲಿ ಕ್ಷಮೆ ಸಿಗಬೇಕು. ‘ವಾಲ್-ಇ’ಯಲ್ಲಿ ಸಿಗುತ್ತದೆ. ಮನುಷ್ಯರು ಭೂಮಿಗೆ ಮರಳುತ್ತಾರೆ, ಗಿಡ ನೆಡುತ್ತಾರೆ, ಪ್ರೇಕ್ಷಕ ಹಗುರಾಗಿ ಮನೆಗೆ ಹೋಗುತ್ತಾನೆ. ‘ರೈಜೆ, ರೈಜೆ’ಯಲ್ಲಿ ಯಾವ ಗಿಡವೂ ಚಿಗುರುವುದಿಲ್ಲ. ಕ್ಷಮೆ ಕೊಡದ ಕೃತಿ ನಮ್ಮ ಬದಲು ಪ್ರಾಯಶ್ಚಿತ್ತ ಮಾಡಿಕೊಂಡಿತು ಎನ್ನಲು ಬರುವುದಿಲ್ಲ.

ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ ವಿಷಯದಲ್ಲಿ ಈ ಮಡಿ ಪರೀಕ್ಷೆ ನಗೆಪಾಟಲಾಗುತ್ತದೆ. 2007ರಲ್ಲಿ ‘ಇಯರ್ ಜೀರೊ’ ಆಲ್ಬಮ್ಮಿಗೆ ತನ್ನ ಕಂಪನಿ ಆಸ್ಟ್ರೇಲಿಯದಲ್ಲಿ ಹಾಕಿದ ಬೆಲೆ ಕಂಡು ಅವನು ಸಿಟ್ಟಾದ. ಸಿಡ್ನಿಯ ವೇದಿಕೆಯಿಂದ ಅಭಿಮಾನಿಗಳಿಗೆ, ಕೊಳ್ಳಬೇಡಿ, ಕದಿಯಿರಿ ಎಂದ. ಆಗ ಅವನು ವೀರ. ಕೆಲವೇ ವರ್ಷಗಳಲ್ಲಿ ಬೀಟ್ಸ್ ಮ್ಯೂಸಿಕ್, ಆಮೇಲೆ ಆಪಲ್ ಮ್ಯೂಸಿಕ್ ಕಟ್ಟುವ ಕೆಲಸಕ್ಕೆ ಕೈಜೋಡಿಸಿದ. ಈಗ ಅವನು ದ್ರೋಹಿ. ಆದರೆ ವೀರನಾಗಿದ್ದಾಗಲೂ ದ್ರೋಹಿಯಾದಾಗಲೂ ‘ಇಯರ್ ಜೀರೊ’ದ ಒಂದು ಸ್ವರವೂ ಬದಲಾಗಲಿಲ್ಲ. ದುರಾಸೆ ಮತ್ತು ಯುದ್ಧದ ಕುರಿತ ಅದರ ‘ಕ್ಯಾಪಿಟಲ್ ಜಿ’ ಹಾಡಿನಲ್ಲಿ ಮಾತಾಡುವವನು ಪ್ರತಿಭಟನಕಾರನಲ್ಲ. ಅಧಿಕಾರಕ್ಕೆ ವೋಟು ಹಾಕಿ, ಲಾಭ ಉಂಡು, ಪಶ್ಚಾತ್ತಾಪವಿಲ್ಲದೆ ನಿಂತ ನಾಗರಿಕ. ಆ ‘ನಾನು’ವನ್ನು ಹಾಡಿನ ಜೊತೆ ಗುನುಗಿದವನ ಬಾಯಿಗೆ ಅದು ಅಂಟಿಕೊಳ್ಳುತ್ತದೆ. ಅಷ್ಟೇ ಮುಖ್ಯ. ರೆಜ್ನರ್‌ನ ನೌಕರಿಯ ವಿವರ ಅವನ ತೆರಿಗೆ ಲೆಕ್ಕಿಗನಿಗೆ ಇರಲಿ.

ಎದುರಾಳಿಗಳ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ. ರಾಮ್‌ಸ್ಟೈನ್ 2009ರ ‘ಲೀಬೆ ಇಸ್ಟ್ ಫ್ಯೂರ್ ಆಲೆ ಡಾ’ ಆಲ್ಬಮ್ಮಿನ ದುಬಾರಿ ಆವೃತ್ತಿಯನ್ನು ಪೆಟ್ಟಿಗೆಯೊಂದರಲ್ಲಿ ಲೈಂಗಿಕ ಆಟಿಕೆ, ಕೈಕೋಳಗಳ ಸಮೇತ ಮಾರಿತು. ಇದು ವ್ಯಾಪಾರದ ಗೇಲಿಯೋ, ಗೇಲಿಯ ವ್ಯಾಪಾರವೋ? ನನ್ನ ಪ್ರಕಾರ ಇದು ವ್ಯಾಪಾರವೇ, ಸಮರ್ಥಿಸುವ ಗೋಜಿಗೆ ಹೋಗುವುದಿಲ್ಲ. ಪೆಟ್ಟಿಗೆಯ ತೀರ್ಪು ಪೆಟ್ಟಿಗೆಗೆ, ಹಾಡಿನ ತೀರ್ಪು ಹಾಡಿಗೆ. ಪೆಟ್ಟಿಗೆ ತೋರಿಸಿ ಹಾಡನ್ನು ಗಲ್ಲಿಗೇರಿಸುವುದು ವಿಮರ್ಶೆಯಲ್ಲ.

ಕೊನೆಯದಾಗಿ, ಜನ ಕುಣಿಯುತ್ತಾರೆ ಎಂಬ ದೂರು. ‘ಆಮೇರಿಕಾ’ದ ಪಲ್ಲವಿಯನ್ನು ಸಾವಿರಾರು ಜನ ಕೈಯೆತ್ತಿ ಹಾಡುತ್ತಾರಲ್ಲ, ಯಾರಿಗೆ ಅರ್ಥವಾಯಿತು ವಿಡಂಬನೆ? ಈ ದೂರಿನ ಹಿಂದೆ ಒಂದು ಮೇಲುವರ್ಗದ ತಾತ್ಸಾರವಿದೆ. ತಾನು ಸೋಫಾದ ಮೇಲೆ ಕುಳಿತು ಅರ್ಥ ಮಾಡಿಕೊಂಡೆ, ಮೈದಾನದ ಮಂದಿಗೆ ಅರ್ಥವಾಗಲಿಲ್ಲ ಎಂಬ ನಂಬಿಕೆ. ಜಾಹೀರಾತು ನಮ್ಮೊಳಗೆ ಹೇಗೆ ಇಳಿಯುತ್ತದೆ ಎಂದು ಯೋಚಿಸಿ. 1980ರ ದಶಕದಲ್ಲಿ ದೂರದರ್ಶನ ನೋಡಿ ಬೆಳೆದ ಯಾವ ಕನ್ನಡಿಗನನ್ನಾದರೂ ಕೇಳಿ, ನಿರ್ಮಾ ಪುಡಿಯ ಹಾಡು ಅವನಿಗೆ ಇಂದಿಗೂ ಬಾಯಿಪಾಠ. ಅವನು ಅದನ್ನು ಕಲಿಯಲಿಲ್ಲ, ಒಪ್ಪಲಿಲ್ಲ, ಆದರೂ ಅದು ಅವನೊಳಗಿದೆ. ಮಾರುಕಟ್ಟೆ ಗೆಲ್ಲುವುದು ತರ್ಕದಿಂದಲ್ಲ, ಪುನರಾವರ್ತನೆಯಿಂದ.

ಇಂಡಸ್ಟ್ರಿಯಲ್ ಮೆಟಲ್ ಆ ಅಸ್ತ್ರವನ್ನೇ ಕಿತ್ತುಕೊಂಡಿದೆ. ಒಂದೇ ರಿಫ್ಫು, ಒಂದೇ ತಾಳ, ಒಂದೇ ಪಲ್ಲವಿ. ವ್ಯತ್ಯಾಸವೆಂದರೆ ಜಾಹೀರಾತು ತನ್ನ ಬಡಿತವನ್ನು ಸಕ್ಕರೆಯಲ್ಲಿ ಅಡಗಿಸುತ್ತದೆ, ಈ ಸಂಗೀತ ಅದಕ್ಕೆ ಕಬ್ಬಿಣದ ತೂಕ ಕೊಟ್ಟು ಎದೆಗೂಡಿಗೆ ಕೇಳಿಸುವಂತೆ ಮಾಡುತ್ತದೆ. ಆದ್ದರಿಂದ ಜನ ಹಾಡುವುದು ವಿಡಂಬನೆಯ ಸೋಲಲ್ಲ. ಅವರು ಹಾಡದಿದ್ದರೆ ಅದು ಪೂರ್ತಿಯಾಗುವುದೇ ಇಲ್ಲ. ಗಂಟಲೆತ್ತಿ ಹಾಡುತ್ತಿರುವಾಗ ತಾನೇನು ಹಾಡುತ್ತಿದ್ದೇನೆ ಎಂದು ಒಬ್ಬನಿಗೆ ಹೊಳೆದರೂ ಹೊಳೆಯಬಹುದು, ಹೊಳೆಯದೆಯೂ ಇರಬಹುದು. ಯಾವ ವಿಡಂಬನೆಯೂ ಇದಕ್ಕೆ ಖಾತರಿಚೀಟಿ ಬರೆದುಕೊಟ್ಟಿಲ್ಲ. ಖಾತರಿಚೀಟಿ ಕೇಳುವವನು ಮಿಕ್ಸಿ ಕೊಳ್ಳಲಿ.

‘ಎಲ್ಲವೂ ಸರಕೇ’ ಎಂಬ ಮಾತು ಇಂದು ಜಾಣತನದ ಗುರುತಾಗಿದೆ. ಅದನ್ನು ಹೇಳುವವನು ಯಾವ ಹಾಡನ್ನೂ ಪೂರ್ತಿ ಕೇಳಬೇಕಿಲ್ಲ, ಯಾವ ಕೃತಿಯ ಮುಂದೂ ತಲೆತಗ್ಗಿಸಬೇಕಿಲ್ಲ. ಪ್ರತಿ ವಿಡಂಬನೆಯನ್ನೂ ಬೆಲೆಚೀಟಿ ತೋರಿಸಿ ಕಳಿಸಿಬಿಡಬಹುದು. ಹೀಗೆ ಟೀಕೆಗಳನ್ನೆಲ್ಲ ಬಾಗಿಲಲ್ಲೇ ತಡೆಯುವ ಕಾವಲುಗಾರ ಸಂಬಳವಿಲ್ಲದೆ ಸಿಕ್ಕರೆ ಮಾರುಕಟ್ಟೆಗೆ ಇನ್ನೇನು ಬೇಕು? ವಿಮರ್ಶಕನಾದವನು ಇಷ್ಟು ಮಾಡಲಿ: ಆಲ್ಬಮ್ಮಿನ ಬೆಲೆ, ಕಂಪನಿಯ ಹೆಸರು, ಟೀ ಶರ್ಟಿನ ಲಾಭ ಎಲ್ಲವನ್ನೂ ಬರೆದುಕೊಂಡು ಬದಿಗಿಡಲಿ. ಆಮೇಲೆ ಹಾಡು ಕೇಳಿ, ಇದರಲ್ಲಿ ಯಾರು ಪಾರಾಗಿದ್ದಾರೆ ಎಂದು ಹುಡುಕಲಿ. ಹಾಡಿದವನು ಪಾರಾಗಿದ್ದರೆ ಅದು ಬೋಧನೆ. ಕೊಂಡವನು ಪಾರಾಗಿದ್ದರೆ ಅದು ಜಾಹೀರಾತು. ಯಾರೂ ಪಾರಾಗಿಲ್ಲದಿದ್ದರೆ, ಅದನ್ನು ಎಷ್ಟು ದುಡ್ಡಿಗೆ ಮಾರಿದರೂ, ಎದುರಿಗಿರುವುದು ವಿಡಂಬನೆ ಎಂದು ಒಪ್ಪಿಕೊಳ್ಳಲಿ. ಆ ಲೆಕ್ಕದಲ್ಲಿ ವಿಮರ್ಶಕನೂ ಪಾರಾಗಿರುವುದಿಲ್ಲ, ಬಹುಶಃ ಅವನ ಸಿಟ್ಟಿನ ಮೂಲವೂ ಅದೇ.